ಚಿಕ್ಕಮ್ಮನ ‘ಬೇಡ’

ನಮ್ಮ ಚಿಕ್ಕಮ್ಮನಿಗೆ ಏನು ಕೆಲಸ ಎಂದು ನೆಂಟರು ಯಾರಾದರೂ ಕೇಳಿದರೆ ಅಮ್ಮ, “ಗಾಜಿನ ಕಾರ್ಖಾನೆಯಲ್ಲಿದ್ದಾಳೆ” ಎಂದಷ್ಟೇ ಹೇಳಿ ಮಾತನ್ನು ಬೇರೆ ಕಡೆ ತಿರುಗಿಸುತ್ತಿದ್ದಳು. ಅದು ಸುಳ್ಳಲ್ಲ. ಆದರೆ ಗಾಜಿನ ಕಾರ್ಖಾನೆಯಲ್ಲಿ ಬಾಟಲಿ ಊದುವವರಿದ್ದಾರೆ, ಮರಳು ಜರಡಿ ಹಿಡಿಯುವವರಿದ್ದಾರೆ, ಒಡೆದ ಗಾಜನ್ನು ಬಣ್ಣ ನೋಡಿ ಬೇರೆ ಮಾಡುವವರಿದ್ದಾರೆ. ಚಿಕ್ಕಮ್ಮ ಇವರಲ್ಲಿ ಯಾರೂ ಅಲ್ಲ. ಅವಳು ಅಲ್ಲಿಯ ಮಂತ್ರವಾದಿ. ದೊಡ್ಡ ಕುಲುಮೆಯ ಬೆಂಕಿಯೊಡನೆ ಮಾತಾಡುವುದು ಅವಳ ಕೆಲಸ.

“ಹೆಣ್ಣುಮಗಳು ಮಂತ್ರವಾದಿ ಅಂತ ಜನಕ್ಕೆ ಹೇಗೆ ಹೇಳೋದು?” ಎಂದು ಅಮ್ಮ ಗೊಣಗುತ್ತಿದ್ದಳು.

“ಬಾಯಿಬಿಟ್ಟು ಹೇಳಕ್ಕಾ, ಧಾರಾಳವಾಗಿ ಹೇಳು. ನಿನ್ನ ನೆಂಟರಲ್ಲಿ ಅರ್ಧ ಜನಕ್ಕೆ ಕಟ್ಟಿಕೊಂಡ ಹೆಂಡತಿ ಹತ್ರಾನೇ ಮಾತಾಡೋಕೆ ಬರಲ್ಲ. ನಾನು ಬೆಂಕಿ ಹತ್ರ ಮಾತಾಡ್ತೀನಿ,” ಎನ್ನುತ್ತಿದ್ದಳು ಚಿಕ್ಕಮ್ಮ.

ಅವಳು ಆ ಕೆಲಸಕ್ಕೆ ಸೇರಿದ್ದು ಹೇಗೆ ಎಂಬುದನ್ನು ಬೇರೆ ಬೇರೆ ಸಲ ಅವಳ ಬಾಯಿಂದಲೇ ಕೇಳಿದ್ದೇನೆ. ಅದನ್ನೆಲ್ಲ ಒಂದು ಕಡೆ ಸೇರಿಸಿ ಬರೆಯುತ್ತಿದ್ದೇನೆ.

ಹುಡುಗಿಯಾಗಿದ್ದಾಗ ಅವಳನ್ನು ಮನೆಯಲ್ಲಿ ಎಲ್ಲರೂ ಮೊಂಡಿ ಎಂದು ಕರೆಯುತ್ತಿದ್ದರು. ಹೊಲಿಗೆ ಅಂಗಡಿಗೆ ಸೇರಿಸಿದರು. ಅಂಗಡಿಯವನು ಅಂಗಿ ಹೊಲಿಯುವುದರ ಜೊತೆಗೆ ತನ್ನ ಮನೆಯ ಪಾತ್ರೆಯನ್ನೂ ತೊಳೆ ಎಂದ. ಅವಳು ಒಲ್ಲೆ ಎಂದಳು. ಮಧ್ಯಾಹ್ನಕ್ಕೆ ಮನೆಗೆ ಬಂದಳು. ಒಬ್ಬ ಅಧಿಕಾರಿಯ ಮನೆಗೆ ಮಗು ನೋಡಿಕೊಳ್ಳಲು ಕಳಿಸಿದರು. ಅಲ್ಲಿಂದಲೂ ಬಂದಳು. ನಮ್ಮ ಅಜ್ಜಿ ತಲೆ ಚಚ್ಚಿಕೊಂಡು, “ಇವಳ ಬಾಯಲ್ಲಿ ಹಲ್ಲು ಮೊಳೆಯೋಕೆ ಮುಂಚೆ ಬೇಡ ಮೊಳೀತು” ಎಂದು ಊರಿಗೆಲ್ಲ ಹೇಳಿಕೊಂಡು ಬಂದಳು. ಆ ಮಾತು ಗಾಜಿನ ಕಾರ್ಖಾನೆಯವರೆಗೂ ಹೋಯಿತು. ಅಲ್ಲಿಯ ಮುದುಕ ಮಂತ್ರವಾದಿ ಆ ಹುಡುಗಿಯನ್ನು ಕರೆದುಕೊಂಡು ಬನ್ನಿ ಎಂದು ಹೇಳಿಕಳಿಸಿದ.

ಆ ಮುದುಕನಿಗೆ ಕೆಲಸಗಾರರು ಇಟ್ಟ ಹೆಸರು ಹೂಂ ತಾತ. ಯಾರು ಏನು ಕೇಳಿದರೂ ಅವನು ಹೂಂ ಅನ್ನುತ್ತಿದ್ದ. “ತಾತ, ನಿನ್ನ ಕಂಬಳಿ ಒಂದು ದಿನ ಕೊಡ್ತೀಯಾ?” “ಹೂಂ.” “ತಾತ, ನನ್ನ ಪಾಳಿ ನೀನು ನೋಡ್ಕೋತೀಯಾ?” “ಹೂಂ.” ಕಂಬಳಿ ವಾಪಸ್ ಬರುತ್ತಿರಲಿಲ್ಲ. ಅವನ ಕೋಣೆ ಕುಲುಮೆಯ ಹಿಂದುಗಡೆ, ಕೆಲಸಗಾರರ ಮನೆಗಳ ಸಾಲಿನ ಮೊದಲನೆಯದು. ಅದರಲ್ಲಿ ಒಂದು ಮಂಚ, ಒಂದು ಮಡಕೆ, ಗೋಡೆಯಿಂದ ಒಳಕ್ಕೆ ಚಾಚಿಕೊಂಡ ಒಂದು ಕಬ್ಬಿಣದ ಕೊಳವೆ ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಆ ಕೊಳವೆ ನೆಲದೊಳಗೆ ಇಳಿದು ಬೆಂಕಿಯಿರುವಲ್ಲಿಗೆ ಹೋಗುತ್ತಿತ್ತು.

ಮೊದಲ ದಿನ ತಾತ ಅವಳ ತಟ್ಟೆಗೆ ಅನ್ನ ಹಾಕಿ, ಇನ್ನೊಂದು ಸೌಟು ಎತ್ತಿ, “ಇನ್ನೂ ಸ್ವಲ್ಪ?” ಎಂದ.

“ಬೇಡ,” ಎಂದಳು ಮೊಂಡಿ.

ತಾತನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. “ಇನ್ನೊಂದ್ಸಲ ಹೇಳು.”

“ಬೇಡ. ಕಿವಿ ಕೇಳ್ಸಲ್ವಾ ತಾತ ನಿಮಗೆ?”

“ಕೇಳಿಸ್ತು ಕೂಸೇ. ಕೇಳಿ ಬಹಳ ಕಾಲ ಆಗಿತ್ತು. ಯಾರೂ ನನ್ನ ಹತ್ರ ಹಾಗೆ ಅನ್ನಲ್ಲ. ಎಲ್ಲಾರೂ ಕೊಡು ಕೊಡು ಅಂತಾರೆ.” ಅವನು ಆ ಸೌಟನ್ನು ಕೆಳಗಿಟ್ಟು ತನ್ನ ತಟ್ಟೆಯ ಮುಂದೆ ಕೂತ. “ಕೆಲಸ ಕಲೀತೀಯಾ?”

ಕೆಲಸ ಕಲಿಯುವುದೆಂದರೆ ಮೊದಲು ಬೆಂಕಿಯ ಮಾತನ್ನು ಕೇಳಲು ಕಲಿಯುವುದು. ಆ ಕುಲುಮೆಯ ಬೆಂಕಿಯನ್ನು ಯಾರು ಹಚ್ಚಿದರೋ ಯಾರಿಗೂ ಗೊತ್ತಿರಲಿಲ್ಲ. ಮುತ್ತಜ್ಜಂದಿರ ಕಾಲದಿಂದಲೂ ಅದು ಆರಿರಲಿಲ್ಲ. ಬೆಂಕಿಯ ಕೆನ್ನಾಲಿಗೆ ಎಂದು ನಾವು ಪುಸ್ತಕಗಳಲ್ಲಿ ಓದುತ್ತೇವಲ್ಲ, ಅಷ್ಟು ಹಳೆಯ ಬೆಂಕಿಗೆ ಆ ನಾಲಿಗೆಯಲ್ಲಿ ಮಾತೂ ಬಂದುಬಿಡುತ್ತದೆ. ಕೊಳವೆಗೆ ಕಿವಿಯಿಟ್ಟರೆ ಮೊದಮೊದಲು ಬರೀ ಸುಯ್ಯೆನ್ನುವ ಸದ್ದು. ಆಮೇಲೆ ಆ ಸದ್ದಿನೊಳಗೆ ಒಂದು ಗೊಣಗಾಟ. ಇಡೀ ಒಂದು ಬೇಸಿಗೆ ಮೊಂಡಿ ಎಡಗಿವಿ ಕೆಂಪಾಗುವಂತೆ ಕೊಳವೆಗೆ ಅಂಟಿಕೊಂಡು ಕೂತಿದ್ದಳು. ಕೊನೆಗೆ ಒಂದು ದಿನ ಆ ಗೊಣಗಾಟ ಮಾತಾಗಿ ಒಡೆಯಿತು. ಅವಳು ಮೊದಲು ಕೇಳಿಸಿಕೊಂಡ ಮಾತು, “ಬೇಕು.”

“ಏನು ಬೇಕಂತೆ ತಾತ?”

“ಎಲ್ಲಾ. ಬೆಂಕಿಗೆ ಗೊತ್ತಿರೋದು ಅದೊಂದೇ.”

ಉರಿಯ ಬಣ್ಣ ನೋಡಿ ಅದರ ಸಿಟ್ಟು ಅಳೆಯುವುದು, ಅದು ಕುಣಿಯುವಾಗ ಯಾವ ಮಾತಿಗೆ ತಗ್ಗುತ್ತದೆ, ಯಾವ ಮಾತಿಗೆ ಇನ್ನಷ್ಟು ಏಳುತ್ತದೆ, ಗಾಜಿನಲ್ಲಿ ಗುಳ್ಳೆ ಬಂದರೆ ಅದು ಮರಳಿನ ತಪ್ಪೋ ಬೆಂಕಿಯ ಕಿತಾಪತಿಯೋ, ಎಲ್ಲವನ್ನೂ ತಾತ ಹೇಳಿಕೊಟ್ಟ. ದಿನದಿನದ ಮಾತಿಗೆ ಬೆಂಕಿ ಏನೂ ಕೇಳುತ್ತಿರಲಿಲ್ಲ. ಆದರೆ ದೊಡ್ಡ ಕೆಲಸವಿದ್ದರೆ, ಅಂದರೆ ಉರಿ ಕುಲುಮೆಯಿಂದ ಹೊರಗೆ ನುಗ್ಗಿದಾಗ ಅದನ್ನು ಹಿಂದಕ್ಕೆ ಕರೆಯಬೇಕಾದರೆ, ಇಲ್ಲವೇ ಒಡೆದ ಗೋಡೆ ಕಟ್ಟುವವರೆಗೆ ಒಂದು ಮೂಲೆಯಲ್ಲಿ ಸುಮ್ಮನೆ ಕೂರಿಸಬೇಕಾದರೆ, ಅದು ಬೆಲೆ ಕೇಳುತ್ತಿತ್ತು. ಬೆಲೆ ಒಂದು ಮಾತು. ಮಂತ್ರವಾದಿ ತನ್ನ ಮಾತುಗಳಲ್ಲಿ ಒಂದನ್ನು ಆರಿಸಿ “ಕೊಟ್ಟೆ” ಎಂದರೆ ಮುಗಿಯಿತು. ಕೆಲಸ ಆಗುತ್ತಿತ್ತು. ಆ ಮಾತು ಮತ್ತೆ ಅವನ ನಾಲಿಗೆಗೆ ಬರುತ್ತಿರಲಿಲ್ಲ.

ತಾತ ಹೀಗೆ ಎಷ್ಟೋ ಮಾತು ಕೊಟ್ಟಿದ್ದ. ಅವನ ಬಳಿ ಗುರುವಾರ ಇರಲಿಲ್ಲ. “ಬುಧವಾರದ ಮಾರನೇ ದಿನ ಮರಳು ಬರುತ್ತೆ” ಎನ್ನುತ್ತಿದ್ದ. ಚಮಚ ಇರಲಿಲ್ಲ. ಮಲಗಲು ಮಂಚವಿತ್ತು, ಮಂಚ ಎಂಬ ಮಾತಿರಲಿಲ್ಲ. ಬೆಕ್ಕನ್ನು “ಆ ಮೀಸೆಯವಳು” ಎನ್ನುತ್ತಿದ್ದ. ಒಮ್ಮೆ ಮೊಂಡಿಯನ್ನು ಅಂಗಡಿಗೆ ಕಳಿಸುವಾಗ, “ಆ ಬೆಳ್ಳಗಿರೋದು, ಅದಿಲ್ದಿದ್ರೆ ಊಟ ಸಪ್ಪೆ, ಜಾಸ್ತಿಯಾದ್ರೆ ನೀರಡಿಕೆ” ಎಂದು ಒಗಟು ಹೇಳಿದ. ಅವಳು ಸುಣ್ಣ ತಂದಳು.

“ಸುಣ್ಣ ಹಾಕ್ಕೊಂಡು ಊಟ ಮಾಡ್ತೀಯೇನೇ?”

“ಉಪ್ಪು ಅಂತ ಬಾಯಿಬಿಟ್ಟು ಹೇಳಬಾರದಾ?”

“ಬಾಯಿ ಬಿಡಬಹುದು ಕೂಸೇ. ಮಾತಿಲ್ಲ.”

ಇಬ್ಬರೂ ಬಿದ್ದು ಬಿದ್ದು ನಕ್ಕರು. ನಗು ನಿಂತ ಮೇಲೆ ಮೊಂಡಿ ಕೇಳಿದಳು, “ತಾತ, ನೀವು ಮೊಟ್ಟಮೊದಲು ಕೊಟ್ಟಿದ್ದು ಯಾವ ಮಾತು?”

ತಾತನಿಗೆ ಅದನ್ನು ಹೇಳಲು ಆಗಲಿಲ್ಲ, ಆ ಮಾತು ಅವನಲ್ಲಿರಲಿಲ್ಲವಲ್ಲ. ಅವನು ಅವಳ ಖಾಲಿ ತಟ್ಟೆಯ ಮೇಲೆ ಸೌಟು ಹಿಡಿದು ತೋರಿಸಿದ. ಅವಳಿಗೆ ತಿಳಿಯಿತು.

ಉಳಿದ ಮಾತುಗಳನ್ನು ಮಂತ್ರವಾದಿ ತಾನೇ ಆರಿಸಿ ಕೊಡಬಹುದು, ಮೊದಲನೆಯದನ್ನು ಮಾತ್ರ ಬೆಂಕಿಯೇ ಆರಿಸುತ್ತದೆ. ಹಿಂದಿನಿಂದಲೂ ಅದು ಕೇಳಿದ್ದು ಒಂದೇ ಮಾತು. ಅದನ್ನು ಕೊಟ್ಟವನಿಗೆ ಬೆಂಕಿ ಕಟ್ಟುಬೀಳುತ್ತದೆ.

“ಬೇಡ ಹೋದ್ರೆ ಏನಂತೆ, ಕೊಡಲ್ಲ ಅನ್ನಿ, ಒಪ್ಪಲ್ಲ ಅನ್ನಿ,” ಎಂದಳು ಮೊಂಡಿ.

“ಆ ಮಾತು ಹೋಗ್ವಾಗ ಅದರ ನೆಂಟರನ್ನೆಲ್ಲ ಕರ್ಕೊಂಡು ಹೋಗುತ್ತೆ. ನನ್ನ ಹತ್ರ ಉಳಿದಿರೋದು ಇಲ್ಲ, ಆಗಲ್ಲ, ಸಾಕು. ಇಲ್ಲ ಅಂದ್ರೆ ಜನ ಕೋಣೆ ಒಳಗೆ ಬಂದು ಹುಡುಕ್ತಾರೆ. ಆಗಲ್ಲ ಅಂದ್ರೆ ಯಾಕಾಗಲ್ಲ ಅಂತಾರೆ. ಸಾಕು ಅನ್ನೋಕೆ ಮೊದಲು ಒಂದಿಷ್ಟು ಆಗಿರಬೇಕು, ಹೌದಾ? ಶುರುವಾಗೋಕೆ ಮುಂಚೆ ತಡೆಯೋ ಮಾತು ಒಂದೇ. ಕಾರಣ ಹೇಳದೆ ನಿಲ್ಲೋ ಮಾತೂ ಅದೊಂದೇ. ನನಗಾಗ ಹದಿನೆಂಟು ವರ್ಷ. ಹಸಿವು. ಈ ಒಂದು ಮಾತು ತಾನೆ, ಹೋಗ್ಲಿ ಅಂತ ಕೊಟ್ಟೆ.”

ಇದು ಯಜಮಾನನಿಗೂ ಗೊತ್ತಿತ್ತು. ಕಾರ್ಖಾನೆಯ ಯಜಮಾನ ದಪ್ಪ ಮೈಯ, ಮೆಲುದನಿಯ ಮನುಷ್ಯ. ಅವನು ಯಾರನ್ನೂ ಗದರಿಸಿದ್ದಿಲ್ಲ. ಬೇಡ ಎನ್ನಲು ಬಾರದ ಮನುಷ್ಯನನ್ನು ಗದರಿಸುವ ಅಗತ್ಯವಾದರೂ ಏನು? ಆಗ ಅವನ ತಲೆಯಲ್ಲಿ ಒಂದೇ ಯೋಚನೆ, ಕುಲುಮೆಯ ಹಿಂದಿನ ಗೋಡೆಯಲ್ಲಿ ಇನ್ನೊಂದು ಬಾಯಿ ತೆಗೆಸಬೇಕು. ಎರಡು ಬಾಯಿಯಾದರೆ ಎರಡರಷ್ಟು ಬಾಟಲಿ. ಆದರೆ ಹಿಂದಿನ ಗೋಡೆಗೆ ಅಂಟಿಕೊಂಡೇ ಕೆಲಸಗಾರರ ಮನೆಗಳ ಸಾಲು ಇತ್ತು. ಆ ಕಡೆ ಬಾಯಿ ಬಿಟ್ಟರೆ ಬೆಂಕಿ ಸುಮ್ಮನಿರುವುದಿಲ್ಲ ಎಂಬುದು ಅಡುಗೆ ಮಾಡಿದ ಯಾರಿಗಾದರೂ ತಿಳಿಯುತ್ತದೆ. ತಾತ “ಆಗಲ್ಲ ಯಜಮಾನ್ರೇ” ಎಂದಿದ್ದ. “ಆಗುತ್ತೆ ತಾತ, ನೀನು ಮನಸ್ಸು ಮಾಡು,” ಎಂದಿದ್ದ ಯಜಮಾನ.

ತಾತನಿಗೆ ಉಬ್ಬಸ. ಮೆಟ್ಟಿಲಿಳಿದು ಬೆಂಕಿಯ ಮುಂದೆ ನಿಲ್ಲುವ ಶಕ್ತಿ ಅವನಿಗಿರಲಿಲ್ಲ. ಗೋಡೆ ಒಡೆಯುವಾಗ ಬೆಂಕಿಯನ್ನು ಹಿಡಿದು ಕೂರಿಸಲು ಹೊಸ ಮಂತ್ರವಾದಿ ಬೇಕಿತ್ತು. ಒಂದು ಬೆಳಿಗ್ಗೆ ಯಜಮಾನ ಕೋಣೆಯ ಬಾಗಿಲಿಗೆ ಬಂದು ನಿಂತು, “ಹುಡುಗಿ ತಯಾರಾದಳಾ? ಇವತ್ತೇ ಇಳಿಸಿಬಿಡು. ಮೊದಲ ಮಾತು ಕೊಟ್ಟು ಬರಲಿ,” ಎಂದ.

“ಹೂಂ,” ಎಂದ ತಾತ. ಅವನ ಕಣ್ಣು ನೆಲದಲ್ಲಿತ್ತು.

ಯಜಮಾನ ಅಂಗಳಕ್ಕೆ ಹೋದ ಮೇಲೆ ಮೊಂಡಿ ಕೂದಲು ಗಂಟು ಹಾಕಿ, ನೀರಲ್ಲಿ ಅದ್ದಿದ ಗೋಣಿಚೀಲ ಹೊದ್ದಳು. “ಇಳೀತೀನಿ ತಾತ. ಕೊಡಲ್ಲ.”

“ಕೊಡದೆ ಮೇಲೆ ಬಂದೋರು ಯಾರೂ ಇಲ್ಲ.”

“ಹಾಗಾದ್ರೆ ಬಾಗಿಲು ತೆಗೆದಿಟ್ಟಿರಿ. ಮೊದಲನೆಯವಳು ಬರ್ತಾಳೆ.”

“ಇಳೀದೆ ಮನೆಗೆ ಹೋಗಬಹುದು ನೀನು. ನಿನ್ನ ಹತ್ರ ಆ ಮಾತಿದೆಯಲ್ಲ.”

“ಮನೆಗೆ ಹೋಗೋದೂ ಬೇಡ ತಾತ, ಮಾತು ಕೊಡೋದೂ ಬೇಡ. ಕೆಲಸ ಕಲಿತಿದೀನಿ, ಕೆಲಸ ನಂದು. ಬಾಯಿ ಹುಟ್ಟಿದಾಗಿಂದ ನಂದು.”

ಕುಲುಮೆಯ ಅಡಿಗೆ ಇಳಿಯಲು ಕಬ್ಬಿಣದ ಮೆಟ್ಟಿಲುಗಳಿದ್ದವು. ಮೆಟ್ಟಿಲು ಮುಗಿದ ಮೇಲೆ ಬೂದಿಯ ಓಣಿ. ಮೊಣಕಾಲಿನವರೆಗೆ ಮೆತ್ತನೆಯ ಬಿಸಿ ಬೂದಿ. ಕಾಲಿಟ್ಟ ಕಡೆಯಲ್ಲೆಲ್ಲ ಕೆಳಗೆ ಏನೋ ಉರುಳುತ್ತಿತ್ತು, ಪಿಸುಗುಟ್ಟುತ್ತಿತ್ತು. ಅವಳು ಬಗ್ಗಿ ಒಂದನ್ನು ಎತ್ತಿಕೊಂಡಳು. ಕಡಲೆಕಾಳಿನಷ್ಟು ದೊಡ್ಡ ಗಾಜಿನ ಮಣಿ. ಕಿವಿಯ ಹತ್ತಿರ ತಂದರೆ ಒಬ್ಬ ಹುಡುಗನ ದನಿ, “ಗುರುವಾರ, ಗುರುವಾರ” ಎನ್ನುತ್ತಿತ್ತು. ತಾತ ಹುಡುಗನಾಗಿದ್ದಾಗಿನ ದನಿ. ಇನ್ನೊಂದರಲ್ಲಿ ಯಾವುದೋ ಹೆಂಗಸು “ಜೀರಿಗೆ” ಎನ್ನುತ್ತಿದ್ದಳು. ಇನ್ನೊಂದರಲ್ಲಿ ಯಾರೋ “ಸೋದರಮಾವ” ಎನ್ನುತ್ತಿದ್ದರು. ಓಣಿ ತುಂಬ ಸತ್ತ ಮಂತ್ರವಾದಿಗಳ ಮಾತು ಬಿದ್ದಿತ್ತು. ಸಂತೆ ಮುಗಿದ ಮೇಲೆ ಉಳಿದ ಕಾಳಿನ ಹಾಗೆ, ಎಂದು ಚಿಕ್ಕಮ್ಮ ಹೇಳುತ್ತಾಳೆ.

ಓಣಿಯ ತುದಿಯಲ್ಲಿ ಬೆಂಕಿ ಕೂತಿತ್ತು. ಮೇಲಿನಿಂದ ನೋಡಿದರೆ ಅದು ಕುಣಿಯುವ ಉರಿ. ಇಲ್ಲಿ ಅದು ಕುಣಿಯುತ್ತಿರಲಿಲ್ಲ. ಮಲಗಿ ಮೆಲುಕು ಹಾಕುವ ಎಮ್ಮೆಯ ಹಾಗೆ ದೊಡ್ಡದಾಗಿ, ನಿಧಾನವಾಗಿ ಉಸಿರಾಡುತ್ತಿತ್ತು. ಅದರ ಮುಂದೆ ಒಂದು ಸಣ್ಣ ಗುಡ್ಡೆ. ಆ ಗುಡ್ಡೆಯಲ್ಲಿದ್ದವು ಮಣಿಗಳಲ್ಲ, ಕರಿ ಕಲ್ಲುಗಳು. ಉಳಿದ ಮಾತೆಲ್ಲ ಕರಗಿ ಗಾಜಾಗಿತ್ತು, ಆ ಒಂದು ಮಾತು ಮಾತ್ರ ಅಷ್ಟು ಕಾಲವಾದರೂ ಕರಗಿರಲಿಲ್ಲ.

“ಬಾ ಮಗಳೇ,” ಎಂದಿತು ಬೆಂಕಿ.

“ಮಗಳೇ ಅನ್ನೋಕೆ ನೀನೇನು ನನ್ನನ್ನ ಹೆತ್ತಿದೀಯಾ?”

“ಏನು ಬೇಕು?”

“ಕೆಲಸ.”

“ಕೊಟ್ಟೆ. ನಿನ್ನ ಬೇಡ ಕೊಡು.”

“ಬೇಡ.”

“ಹಾಂ, ಅದೇ. ಕೊಡು.”

“ಕೊಡ್ತಿಲ್ಲ ಕಣೋ, ಹೇಳ್ತಿದೀನಿ! ನಿನ್ನ ವ್ಯಾಪಾರ ನನಗೆ ಬೇಡ.”

ಬೆಂಕಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅಲ್ಲಿಯವರೆಗೆ ಎಲ್ಲರೂ ಆ ಮಾತನ್ನು ಅದಕ್ಕೆ ಕೊಟ್ಟಿದ್ದರೇ ಹೊರತು ಯಾರೂ ಅದನ್ನು ಅದಕ್ಕೆ ಹೇಳಿರಲಿಲ್ಲ. ಅರ್ಥವಾದ ಮೇಲೆ ಅದು ಎದ್ದು ನಿಂತಿತು. ಗೋಣಿಚೀಲದ ನೀರು ಒಮ್ಮೆಲೇ ಹಬೆಯಾಗಿ ಹೋಯಿತು. ಹಿಂದೆ ತಿರುಗಿ ನೋಡಿದರೆ ಓಣಿಯ ಬಾಯಿಗೆ ಉರಿಯ ಪರದೆ ಬಿದ್ದಿತ್ತು.

“ಸುಟ್ಟುಬಿಡು,” ಎಂದಳು ಮೊಂಡಿ. ಅವಳು ಹೆದರಿದ್ದಳು, ಅದನ್ನು ಅವಳು ಯಾವತ್ತೂ ಮುಚ್ಚಿಟ್ಟಿಲ್ಲ. “ಸುಟ್ರೆ ಬೂದಿ ಸಿಗುತ್ತೆ. ಮಾತು ಸಿಗಲ್ಲ.”

“ಸುಡಲ್ಲ. ಶಿಷ್ಯೆ ಕೊಡದಿದ್ರೆ ಗುರು ಕೊಡಬಹುದು. ಅವನು ಒಂದು ಹೂಂ ಅಂದ್ರೆ ಸಾಕು, ನಿನ್ನ ಮಾತು ನನ್ನದು.” ಬೆಂಕಿ ಒಂದು ನಾಲಿಗೆಯನ್ನು ಕೊಳವೆಯೊಳಗೆ ತೂರಿಸಿತು. “ಮುದುಕಾ! ಇದ್ದೀಯಾ?”

“ಇದೀನಿ,” ಎಂದು ಮೇಲಿನಿಂದ ತಾತನ ಉಬ್ಬಸದ ದನಿ ಬಂತು.

ಮೊಂಡಿ ಇನ್ನೂ ಹೆಚ್ಚು ಹೆದರಿದ್ದು ಆಗಲೇ. ತಾತನಿಗೆ ಬರುವುದು ಅದೊಂದೇ ಉತ್ತರ. ಕಂಬಳಿ ಕೇಳಿದರೆ ಹೂಂ, ಪಾಳಿ ಕೇಳಿದರೆ ಹೂಂ. ಐವತ್ತು ವರ್ಷಕ್ಕೂ ಮೇಲ್ಪಟ್ಟು ಅವನು ಆಗಲ್ಲ ಎಂದು ಶುರು ಮಾಡಿದ್ದೂ ಹೂಂನಲ್ಲೇ ಮುಗಿದಿತ್ತು. ಅವಳು ಕೊಳವೆಯ ಕಡೆ ಮುಖ ಮಾಡಿ, “ತಾತಾ, ಬಾಯಿ ಮುಚ್ಕೊಂಡಿರಿ!” ಎಂದು ಕೂಗಿದಳು. ಬೆಂಕಿ ನಕ್ಕಿತು. ಉತ್ತರದ ಮಾತು ಬಾಯಲ್ಲಿರುವ ತನಕ ಕೇಳಿದವರಿಗೆ ಉತ್ತರ ಕೊಡದೆ ಮಂತ್ರವಾದಿ ಕೊಳವೆ ಬಿಡುವಂತಿರಲಿಲ್ಲ, ಅದು ಆ ಕೆಲಸದ ಕಟ್ಟು.

“ಇವಳ ಮಾತು ತಗೊಳ್ಲಾ?” ಎಂದಿತು ಬೆಂಕಿ.

ಕೋಣೆಗೆ ಮರಳಿದ್ದ ಯಜಮಾನನ ಮೆಲುದನಿಯೂ ಮೇಲಿನಿಂದ ಕೇಳಿಸಿತು, “ಹೂಂ ಅನ್ನು ತಾತ.”

“ಅದಕ್ಕೆ ಮುಂಚೆ ನನ್ನದೊಂದು ವ್ಯಾಪಾರ ಇದೆ,” ಎಂದ ತಾತ. “ಹುಡುಗಿ ಮೇಲೆ ಬರೋ ತನಕ ದಾರಿ ಬಿಡು. ಅವಳ ಕೂದಲು ಕೊಂಕಬಾರದು. ಬೆಲೆ ಒಂದು ಮಾತು.”

“ಇವಳ ಮಾತಿನ ಜೊತೆಗೆ ನಿಂದೂ ಒಂದಾ?” ಬೆಂಕಿಯ ಬಾಯಲ್ಲಿ ನೀರೂರಿತು ಎಂದು ಬರೆಯಲು ಬರುವುದಿಲ್ಲ, ಆದರೆ ಅದು ಆಸೆಯಿಂದ ಉಬ್ಬಿತು. “ಒಪ್ಪಿದೆ. ಯಾವ ಮಾತು?”

“ಹೂಂ. ಅದನ್ನ ಕೊಟ್ಟೆ.”

ಬೆಂಕಿಗೆ ಮೊದಲು ನುಂಗುವುದು ಗೊತ್ತು, ಯೋಚನೆ ಆಮೇಲೆ. ನುಂಗಿದ್ದು ಗಾಜಾಗಿ ಬೂದಿಯಲ್ಲಿ ಟಣ್ ಎಂದು ಬಿತ್ತು. ಓಣಿಯ ಪರದೆ ಸರಿಯಿತು.

“ಆಯ್ತು. ಈಗ ಹೇಳು, ತಗೊಳ್ಲಾ ಇವಳ ಮಾತು?”

ಉತ್ತರ ಬರಲಿಲ್ಲ.

“ತಗೊಳ್ಲಾ?”

ತಾತ ಬಾಯಿ ತೆರೆದದ್ದು, ತುಟಿ ಆಡಿಸಿದ್ದು ಮೇಲಿದ್ದವರಿಗೆಲ್ಲ ಕಂಡಿತಂತೆ. ಹೂಂ ಹೋಗುವಾಗ ಸರಿ, ಆಯ್ತು, ಆಗಲಿ ಎಂಬ ಅದರ ನೆಂಟರನ್ನೂ ಎಬ್ಬಿಸಿಕೊಂಡು ಹೋಗಿತ್ತು. ಈಗ ತಾತನ ಬಳಿ ಬೇಡವೂ ಇರಲಿಲ್ಲ, ಹೂಂ ಕೂಡ ಇರಲಿಲ್ಲ. ಬೆಂಕಿ ಕೊಳವೆಯಲ್ಲಿ ಬೊಬ್ಬೆ ಹಾಕುತ್ತಲೇ ಇತ್ತು. ಮೊಂಡಿ ಬೂದಿಯ ಓಣಿಯಲ್ಲಿ ಬಿದ್ದು ಎದ್ದು ಓಡಿ ಮೆಟ್ಟಿಲು ಹತ್ತಿದಳು.

ಅಂಗಳದಲ್ಲಿ ಕೆಲಸಗಾರರೆಲ್ಲ ನೆರೆದಿದ್ದರು. ಊದುವವರ ಕೊಳವೆಗಳ ತುದಿಯಲ್ಲಿ ಗಾಜು ತಣ್ಣಗಾಗಿ ಬಿರುಕು ಬಿಡುತ್ತಿತ್ತು. ತಲೆಯಿಂದ ಕಾಲಿನವರೆಗೆ ಬೂದಿಯಾಗಿದ್ದ ಮೊಂಡಿಯನ್ನು ನೋಡಿ ಯಜಮಾನ, “ಮಾತು ಕೊಟ್ಟೆ ತಾನೆ?” ಎಂದ.

“ಇಲ್ಲ.”

“ಹಾಗಾದ್ರೆ ಬೆಂಕಿ ನಿನಗೆ ಕಟ್ಟುಬಿದ್ದಿಲ್ಲ. ನೀನು ಮಂತ್ರವಾದಿಯಲ್ಲ.” ಅವನು ತಾತನ ಕಡೆ ತಿರುಗಿದ. “ತಾತ, ಇವಳನ್ನ ಮತ್ತೆ ಕೆಳಗಿಳಿಸು. ನಾಳೆ ಗೋಡೆ ಒಡೀಬೇಕು. ಸರಿ ತಾನೆ?”

ತಾತ ಅವನ ಮುಖವನ್ನೇ ನೋಡಿದ.

“ಸರಿ ತಾನೆ ತಾತ?”

ತಾತ ನೋಡುತ್ತಲೇ ಇದ್ದ. ಗದರಿಸಿ ಅಭ್ಯಾಸವಿಲ್ಲದ ಯಜಮಾನನಿಗೆ ಮುಂದೇನು ಮಾಡಬೇಕೆಂದು ತೋಚಲಿಲ್ಲ. ಎಲ್ಲರ ಎದುರಿಗೆ ಅವನ ಕಿವಿ ಕೆಂಪಾಯಿತು. ಒಡೆದ ಗಾಜಿನ ರಾಶಿಯ ಹತ್ತಿರ ಕೂತಿದ್ದ ಹೆಂಗಸೊಬ್ಬಳು ಸೆರಗು ಬಾಯಿಗೆ ಹಿಡಿದು ಕಿಸಕ್ಕೆಂದಳು.

“ನನ್ನನ್ನ ಕೇಳಿ ಯಜಮಾನ್ರೇ,” ಎಂದಳು ಮೊಂಡಿ. “ಆ ಗೋಡೆ ಆಚೆ ಇಪ್ಪತ್ತೆಂಟು ಮನೆ ಇದೆ. ಎರಡನೇ ಬಾಯಿ ಬೇಡ.”

“ಬೇಡ ಅನ್ನೋಕೆ ನೀನ್ಯಾರು? ಗಂಟು ಕಟ್ಕೊಂಡು ಹೊರಡು. ಬೇರೆ ಮಂತ್ರವಾದಿ ತರ್ತೀನಿ.”

“ತನ್ನಿ. ಅವನು ಬರೋ ತನಕ ಬೆಂಕಿ ಜೊತೆ ಯಾರು ಮಾತಾಡ್ತೀರಾ? ಈಗಲೇ ಸಿಟ್ಟಲ್ಲಿದೆ. ಹೋಗಿ, ಕೊಳವೆಗೆ ಕಿವಿ ಕೊಡಿ. ನೀವೇ ಸಮಾಧಾನ ಮಾಡಿ.”

ಯಜಮಾನ ಹೋದ. ಅಷ್ಟು ಜನರ ಮುಂದೆ ಹೋಗದೆ ಇರಲು ಆಗಲಿಲ್ಲ. ಕೊಳವೆಗೆ ಕಿವಿಯಿಟ್ಟ. ಕೇಳಲು ಕಲಿಯದವನಿಗೆ ಮಾತು ತಿಳಿಯುವುದಿಲ್ಲ, ಆದರೆ ಅವತ್ತು ಬೆಂಕಿ ಎಷ್ಟು ಜೋರಾಗಿ ಅರಚುತ್ತಿತ್ತೆಂದರೆ ಕಲ್ಲಿಗೂ ತಿಳಿಯುವಂತಿತ್ತು. “ಬಂದ್ಯಾ? ನಿನ್ನ ಬೇಡ ಕೊಡು!” ಎಂದು ಅದು ಕೇಳಿದ್ದು ಬಾಗಿಲ ಹೊರಗೂ ಕೇಳಿಸಿತಂತೆ. ಯಜಮಾನ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೋಣೆಯಿಂದ ಹೊರಗೆ ಬಂದ. ಸಾಲ ಕೇಳುವವರಿಗೆ, ರಜೆ ಕೇಳುವವರಿಗೆ, ಕೂಲಿ ಹೆಚ್ಚು ಕೇಳುವವರಿಗೆ ದಿನವೂ ಅವನು ಹೇಳುತ್ತಿದ್ದದ್ದು ಆ ಮಾತು, ಇಲ್ಲವೇ ಕೊಡಲ್ಲ, ಒಪ್ಪಲ್ಲ ಎಂಬ ಅದರ ನೆಂಟರು. ಅದನ್ನು ಕೊಟ್ಟರೆ ಅವನ ಗತಿಯೇನು? ಅವತ್ತಿನಿಂದ ಎರಡನೇ ಬಾಯಿಯ ಸುದ್ದಿ ಎತ್ತಲಿಲ್ಲ.

ಮೊಂಡಿ ಕೆಲಸದಲ್ಲಿ ಉಳಿದಳು. ಆದರೆ ಅದು ಸಲೀಸಾದ ಕೆಲಸವಾಗಿರಲಿಲ್ಲ. ಹಿಂದಿನವರಿಗೆ ಬೆಂಕಿ ಕಟ್ಟುಬಿದ್ದಿತ್ತು, ಅವಳಿಗೆ ಬಿದ್ದಿರಲಿಲ್ಲ. ಹಿಂದಿನವರು ಒಂದು ಮಾತು ಕೊಟ್ಟು ಕೆಲಸ ಮಾಡಿಸಿಕೊಂಡರೆ, ಅವಳು ಪ್ರತಿ ಕೆಲಸಕ್ಕೂ ಅದರ ಜೊತೆ ಜಗಳವಾಡಬೇಕಿತ್ತು, ಪುಸಲಾಯಿಸಬೇಕಿತ್ತು, ಬೈಯಬೇಕಿತ್ತು. ಒಮ್ಮೆ ಅವಳ ಹುಬ್ಬು ಸುಟ್ಟಿತು. ಒಮ್ಮೆ ಒಂದು ವಾರದ ಬಾಟಲಿಗಳಲ್ಲೆಲ್ಲ ಬೇಕೆಂದೇ ಗುಳ್ಳೆ ಎಬ್ಬಿಸಿತು. ಅವಳ ಎಡಗೈ ಮೇಲಿನ ಸುಟ್ಟ ಕಲೆಗಳನ್ನು ತೋರಿಸಿ ಅಮ್ಮ ನಮಗೆ, “ನೋಡಿ, ಮೊಂಡುತನ ಮಾಡಿದ್ರೆ ಹೀಗೇ ಆಗೋದು” ಎನ್ನುತ್ತಿದ್ದಳು. ಚಿಕ್ಕಮ್ಮ ಆ ಕೈಯನ್ನು ಮುಂದೆ ಚಾಚಿ, “ನೋಡಿ, ಮೊಂಡುತನ ಮಾಡಿದ್ರೆ ಇಷ್ಟೇ ಆಗೋದು” ಎನ್ನುತ್ತಿದ್ದಳು.

ತಾತ ಅದೇ ಕೋಣೆಯಲ್ಲಿ ಅವಳ ಜೊತೆ ಇದ್ದ. ಹೂಂ ಅನ್ನದವನನ್ನು ಹೂಂ ತಾತ ಎಂದು ಕರೆಯುವುದು ಹೇಗೆಂದು ಜನ ಕೆಲವು ದಿನ ತಬ್ಬಿಬ್ಬಾದರು. ಕಂಬಳಿ ಕೇಳಲು ಬಂದವರು ಅವನ ನೋಟಕ್ಕೆ ಹೆದರಿ ತಾವೇ ಒಂದು ಕಂಬಳಿ ತಂದುಕೊಟ್ಟು ಹೋದರು.

ಕೊನೆಗೊಂದು ವರ್ಷ ತಾತನಿಗೆ ಹಾಸಿಗೆಯಿಂದ ಏಳಲು ಆಗಲಿಲ್ಲ. ಇಡೀ ಬೆಳಿಗ್ಗೆ ಗೋಡೆ ನೋಡುತ್ತ ಏನನ್ನೋ ಕರೆಯಲು ಬಾಯಿ ತೆರೆಯುತ್ತಿದ್ದ, ತುಟಿ ಕೂಡಿಸುತ್ತಿದ್ದ, ಬಿಡುತ್ತಿದ್ದ.

“ಏನು ತಾತ? ನೀರಾ? ದಿಂಬಾ?”

“ಅವಳು,” ಎಂದ ತಾತ. “ನನ್ನ ಮನೆಯೋಳು. ಅವಳು ಹೋದ ಮೇಲೆ ಒಂದ್ಸಲ ಉರಿ ಹೊರಗೆ ನುಗ್ಗಿತ್ತು. ಕರೆಯೋಕೆ ಆಳೇ ಇಲ್ಲವಲ್ಲ, ಹೆಸರು ಯಾಕೆ ಅಂತ ಕೊಟ್ಟುಬಿಟ್ಟೆ.” ಸ್ವಲ್ಪ ಹೊತ್ತು ಉಸಿರೆಳೆದುಕೊಂಡ. “ಈಗ ಮುಖ ಕಾಣುತ್ತೆ. ಹೆಸರು ಬರಲ್ಲ.”

ಕೊಳವೆಯಲ್ಲಿ ಕೂಡಲೇ ಸುಯ್ಯೆಂದಿತು. ಬೆಂಕಿಗೆ ಕಿವಿ ಬಹಳ ಚುರುಕು. “ಏ ಮೊಂಡಿ. ಮುದುಕನ ಮಾತುಗಳನ್ನೆಲ್ಲ ವಾಪಸ್ ಕೊಡ್ತೀನಿ. ಆ ಹೆಸರನ್ನೂ ಕೊಡ್ತೀನಿ. ಒಂದೇ ಒಂದು ಮಾತು ಕೇಳ್ತೀನಿ, ಯಾವುದು ಅಂತ ನಿನಗೆ ಗೊತ್ತು.”

ಚಿಕ್ಕಮ್ಮ ಈ ಭಾಗ ಹೇಳುವಾಗ ನಿಧಾನವಾಗುತ್ತಾಳೆ. ಯಜಮಾನನ ಮುಂದೆ, ಉರಿಯ ಪರದೆಯ ಮುಂದೆ ಗಟ್ಟಿಯಾಗಿ ನಿಂತವಳು ಅವತ್ತು ಮಂಚದ ಪಕ್ಕ ಕೂತುಬಿಟ್ಟಳು. ಅವಳು ಬದುಕಿದ್ದೇ ಅವನು ಕೊಟ್ಟ ಮಾತಿನಿಂದ. ಅವನು ಕೇಳಿದರೆ ಕೊಟ್ಟೇಬಿಡೋಣ ಎನಿಸಿತು.

“ತಾತ,” ಎಂದಳು. “ಕೊಡ್ಲಾ?”

ತಾತನಿಗೆ ಹೂಂ ಅನ್ನಲು ಬರುತ್ತಿರಲಿಲ್ಲ. ಬೇಡ ಅನ್ನಲೂ ಬರುತ್ತಿರಲಿಲ್ಲ. ಅವನು ಕೈಸನ್ನೆ ಮಾಡಿ ಅವಳನ್ನು ಹತ್ತಿರ ಕರೆದ. ಏನೋ ಹೇಳುತ್ತಾನೆಂದು ಅವಳು ಮುಖವನ್ನು ಅವನ ಬಾಯ ಹತ್ತಿರ ತಂದಳು. ತಾತ ಅವಳ ಕಿವಿ ಹಿಡಿದು, ಲೆಕ್ಕ ತಪ್ಪಿದ ಹುಡುಗಿಗೆ ಮೇಷ್ಟ್ರು ಹಿಂಡುವ ಹಾಗೆ, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಹಿಂಡಿದ.

“ಅಯ್ಯಯ್ಯೋ ಬಿಡಿ, ಬಿಡಿ! ತಿಳೀತು!”

ಅವಳು ಕಿವಿ ತಿಕ್ಕಿಕೊಳ್ಳುತ್ತ ಬಾಗಿಲು ದಾಟಿ ಹೊರಗೆ ಹೋದಳು. ಮನೆಗಳ ಸಾಲಿನಲ್ಲಿ ಒಂದೊಂದೇ ಬಾಗಿಲು ತಟ್ಟಿದಳು. ತಾತನ ಹೆಂಡತಿಯ ಹೆಸರೇನು? ಊದುವವರಿಗೆ ಗೊತ್ತಿರಲಿಲ್ಲ. ಮೇಸ್ತ್ರಿಗೆ ಗೊತ್ತಿರಲಿಲ್ಲ, ಅವನಪ್ಪ ಇದ್ದಿದ್ದರೆ ಹೇಳುತ್ತಿದ್ದನೆಂದ. ಎಲ್ಲರೂ ಆಕೆಯನ್ನು ತಾತನ ಮನೆಯೋಳು ಎಂದೇ ಕರೆದಿದ್ದರು. ಕಡೆಯ ಮನೆಯಲ್ಲಿ ಕಣ್ಣು ಕಾಣದ ಮುದುಕಿಯೊಬ್ಬಳು ಬಟ್ಟೆ ಮಡಿಸುತ್ತ ಕೂತಿದ್ದಳು.

“ಅಜ್ಜಿ, ತಾತನ ಹೆಂಡತಿ ನಿಮಗೆ ಗೊತ್ತಾ?”

“ಗೊತ್ತೇನೇ? ನನ್ನ ಬಿಂದಿಗೆ ತಗೊಂಡು ಹೋಗಿ ವಾಪಸ್ ಕೊಡಲೇ ಇಲ್ಲ, ಮಹಾತಾಯಿ!” ಎಂದು ಮುದುಕಿ ಹೆಸರು ಹಿಡಿದು ಬೈಯಲು ಶುರು ಮಾಡಿದಳು. ತಾತನ ಬಾಯಿಂದ ಹೋಗಿದ್ದ ಹೆಸರು ಆ ಜಗಳಗಂಟಿಯ ಬಾಯಲ್ಲಿ ಒಂದಿಷ್ಟೂ ಸವೆಯದೆ ಹಾಗೇ ಇತ್ತು. ಚಿಕ್ಕಮ್ಮ ಪೂರ್ತಿ ಕೇಳಿಸಿಕೊಳ್ಳದೆ ಓಡಿದಳು.

ತಾತನ ಕಿವಿಯಲ್ಲಿ ಅವಳು ಆ ಹೆಸರು ಹೇಳಿದಳು. ಅವನು ಕಣ್ಣು ಮುಚ್ಚಿದ. ಅವನಿಗೆ ಅದನ್ನು ಹೇಳಲು ಆಗಲಿಲ್ಲ, ಕೇಳಲು ಆಗುತ್ತಿತ್ತು. ಅವಳು ನಿಲ್ಲಿಸಿದಾಗಲೆಲ್ಲ ಅವಳ ಮಣಿಕಟ್ಟಿನ ಮೇಲೆ ಬೆರಳಿನಿಂದ ತಟ್ಟಿದ. ಅವಳು ಮತ್ತೆ ಹೇಳಿದಳು.

“ಯಾರ ಹೆಸರು ಅದು?” ಎಂದಿತು ಬೆಂಕಿ, ಕೊಳವೆಯಲ್ಲಿ. “ಅದು ನನ್ನದು. ನನ್ನ ಹತ್ರ ಇದೆ. ನಿನಗೆ ಎಲ್ಲಿ ಸಿಕ್ತು? ಏ!”

ಚಿಕ್ಕಮ್ಮ ಎದ್ದು ಹೋಗಿ ಕೊಳವೆಯ ಬಾಯಿಗೆ ಒದ್ದೆ ಬಟ್ಟೆ ತುರುಕಿದಳು. ಆಮೇಲೆ ಬಂದು ಮಂಚದ ಅಂಚಿನಲ್ಲಿ ಕೂತು, ಮತ್ತೆ ಹೆಸರು ಹೇಳತೊಡಗಿದಳು.